ಜೋಕಾಲಿಯ ಹಾಡಿಗೆ ಒನ್ಸ್ ಮೋರ್

ಎಲ್ಲಾದರೂ ಚಪ್ಪಾಳೆ ಜೋರಾಯಿತೆಂದರೆ ನಾನು ಮೊದಲು ಮೇಲೆ ನೋಡುತ್ತೇನೆ. ಹುನಗುಂದದ ನಮ್ಮ ಹೈಸ್ಕೂಲಿನ ಗ್ಯಾದರಿಂಗಿನಲ್ಲಿ ಹುಡುಗಿಯರು ಕೋಲಾಟ ಮುಗಿಸಿ ನಿಂತಾಗ ಉಳಿದ ಮಾಸ್ತರರೆಲ್ಲ ಅವರ ಮುಖ ನೋಡುತ್ತಾರೆ, ನಾನೊಬ್ಬ ಪೆಂಡಾಲಿನ ಬಿದಿರಿನ ಗಂಟುಗಳನ್ನು ನೋಡುತ್ತಿರುತ್ತೇನೆ. ಕನ್ನಡ ಕಲಿಸುವ ಸಹೋದ್ಯೋಗಿಯೊಬ್ಬರು ಇದನ್ನು ಗಮನಿಸಿ, ವಿಜ್ಞಾನದ ಮಾಸ್ತರನಿಗೆ ಇತ್ತೀಚೆಗೆ ದೈವಭಕ್ತಿ ಹತ್ತಿದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಬಂದರು. ನಾನು ಅಲ್ಲಗಳೆಯಲಿಲ್ಲ. ಭಕ್ತಿ ಎಂದರೆ ಮರ್ಯಾದೆಯಾದರೂ ಉಳಿಯುತ್ತದೆ. ಅಂಜಿಕೆ ಎಂದರೆ ಅದೂ ಇಲ್ಲ.

ಈ ಅಂಜಿಕೆ ನನಗೆ ಅಂಟಿದ್ದು ಇಳಕಲ್ಲಿನಲ್ಲಿ, ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಒಂದು ರವಿವಾರದ ಮಧ್ಯಾಹ್ನ. ವರ್ಷಗಳು ಕಳೆದರೂ ಆ ಮಧ್ಯಾಹ್ನ ನನ್ನೊಳಗೆ ಇನ್ನೂ ಮುಗಿದಿಲ್ಲ. ಊಟಕ್ಕೆ ಕೂತಾಗ, ಪೇಪರು ತಿದ್ದುವಾಗ, ಸುಮ್ಮನೆ ಬಸ್ಸು ಕಾಯುವಾಗ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾನು ಬೇಡವೆಂದರೂ ಒನ್ಸ್ ಮೋರ್.

ಅದನ್ನು ಹೇಳುವ ಮೊದಲು ನಮ್ಮ ಕಡೆಯ ಪ್ರೇಕ್ಷಕರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ನಾಟಕ ನೋಡುವುದು ಸುಮ್ಮನೆ ಕೂತು ಮಾಡುವ ಕೆಲಸವಲ್ಲ. ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುವಾಗ, ನ್ಯೂಟನ್ನನಿಗೆ ಕೊಡಬೇಕಾದ ಸಮಯವನ್ನೆಲ್ಲ ನಾನು ಅಲ್ಲಿ ಬಂದಿಳಿದ ನಾಟಕ ಕಂಪನಿಗಳಿಗೆ ಕೊಟ್ಟೆ. ಅಲ್ಲಿಯ ಅಡತಿ ವ್ಯಾಪಾರಿಗಳು ಮುಂದಿನ ಕುರ್ಚಿಗಳಲ್ಲಿ ಕೂತು, ದರ ಒಪ್ಪಿಗೆಯಾದಾಗ ಎಷ್ಟು ತಲೆ ಆಡಿಸುತ್ತಾರೋ ಅಷ್ಟೇ ಆಡಿಸುತ್ತಿದ್ದರು. ಬಾದಾಮಿಯಲ್ಲಿ ಸಿಳ್ಳೆ ಹೊಡೆದರೆ ಅದು ಗುಡ್ಡಕ್ಕೆ ಬಡಿದು ಇನ್ನೊಮ್ಮೆ ಕೇಳುತ್ತದೆ, ಹೀಗಾಗಿ ಅಲ್ಲಿ ಒಬ್ಬ ಪ್ರೇಕ್ಷಕ ಇಬ್ಬರಿಗೆ ಸಮ. ಹೆಂಗಸರ ಬದಿಯ ತೀರ್ಪು ಸದ್ದಿಲ್ಲದ್ದು. ಸೆರಗು ಬಾಯಿಗೆ ಹೋಯಿತೋ, ನಾಟಕ ಗೆದ್ದಿತು.

ಇವೆಲ್ಲದರ ಮೇಲೆ ಒನ್ಸ್ ಮೋರ್. ಸಾಲೆಯ ಕಟ್ಟೆ ಹತ್ತದವರೂ ಬಲ್ಲ ಇಂಗ್ಲಿಷು ಅದು. ಆ ಕೂಗು ಬಿತ್ತೆಂದರೆ ನಟ ಹಾಡಲೇಬೇಕು. ಸತ್ತು ಬಿದ್ದ ರಾಜನೂ ಎದ್ದು, ಧೂಳು ಝಾಡಿಸಿಕೊಂಡು, ಹಾಡಿ, ಮತ್ತೆ ಅದೇ ಜಾಗ ಹುಡುಕಿ ಸಾಯಬೇಕು. ಅದನ್ನು ತಡೆಯುವ ಶಕ್ತಿ ಇರುವುದು ಒಂದಕ್ಕೇ, ಆಯೇರಿಗೆ. ಹಾಡು ಮೆಚ್ಚಿದವರು ಸೀರೆಯನ್ನೋ ರುಮಾಲನ್ನೋ ಹಿಡಿದು ರಂಗದ ಮೇಲೆಯೇ ಹತ್ತಿ ನಟರಿಗೆ ಉಡುಗೊರೆ ಕೊಡುತ್ತಾರೆ. ಆಗ ಯುದ್ಧ ನಡೆದಿದ್ದರೂ ನಿಲ್ಲುತ್ತದೆ. ಕೊಟ್ಟವರ ಹೆಸರು, ಊರು ಹೇಳಿ ಮುಗಿಯುವವರೆಗೆ ಕತ್ತಿ ಎತ್ತಿದವನು ಎತ್ತಿಕೊಂಡೇ ನಿಂತಿರುತ್ತಾನೆ. ನಾಲ್ಕಕ್ಷರ ಕಲಿತ ಮೇಲೆ ನಾನು ಇದನ್ನು ರಸಭಂಗವೆಂದು ಬೈಯತೊಡಗಿದ್ದೆ. ಗೆಳೆಯರ ಎದುರು ಇದರ ಮೇಲೆ ಒಂದು ಭಾಷಣವನ್ನೂ ಮಾಡಿದ್ದೆ. ಅವರು ಚಪ್ಪಾಳೆ ತಟ್ಟಿದ್ದರು. ಆಗಿನ್ನೂ ಮೇಲೆ ನೋಡುವ ಚಟ ನನಗಿರಲಿಲ್ಲ.

ಇಳಕಲ್ಲಿನಲ್ಲಿ ನನ್ನ ಸೋದರಮಾವ ನೂಲಿನ ವ್ಯಾಪಾರಿ. ಹುಡುಗನಾಗಿದ್ದಾಗ ನೋಡಿದ ಒಂದು ಕಂಪನಿ ನಾಟಕ ಅವರ ತಲೆಯಿಂದ ಇಳಿದೇ ಇರಲಿಲ್ಲ. ಆ ಕಂಪನಿ ಮುಳುಗಿ ಎಷ್ಟೋ ಕಾಲವಾಗಿತ್ತು. ಅದರಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದ ಅಂಬಕ್ಕ ಇಳಕಲ್ಲಿನಲ್ಲೇ ಉಳಿದು, ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಜೀವನ ಮಾಡುತ್ತಿದ್ದಳು. ಮಾವ ಆಕೆಯ ಮನೆಗೆ ಹೋಗಿ ಹೋಗಿ, ಕೊನೆಗೂ ಒಪ್ಪಿಸಿ, ಅದೇ ನಾಟಕವನ್ನು ಮತ್ತೆ ಎತ್ತಿಸಿದರು. ಎತ್ತುವುದೆಂದರೆ ಶಕ್ತಿ ಇದ್ದಷ್ಟು. ನಲವತ್ತು ಹಾಡಿನ ನಾಟಕ ಹನ್ನೆರಡಕ್ಕೆ ಇಳಿಯಿತು. ಇದ್ದ ಒಂದೇ ಪರದೆ ಅರಮನೆಯೂ ಆಯಿತು, ಅಡವಿಯೂ ಆಯಿತು. ನೇಕಾರರೇ ಸೈನಿಕರು. ಊರ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವರೇ ಪೇಟಿ ಮಾಸ್ತರರು. ಥೇಟರು ಎಂದರೆ ಖಾಲಿ ಬಿದ್ದ ಅರಳೆಯ ಗೋದಾಮು. ಕರೆಂಟಿನ ಭರವಸೆ ಇರಲಿಲ್ಲವಾದ್ದರಿಂದ ಹೊತ್ತು ಮಧ್ಯಾಹ್ನ. ತಗಡಿನ ಚಾವಣಿಯ ತೂತುಗಳಿಂದ ಬೀಳುವ ಬಿಸಿಲಕೋಲುಗಳೇ ದೀಪ.

ಆ ನಾಟಕದ ಜೀವ ಇದ್ದದ್ದು ಒಂದು ಜೋಕಾಲಿಯ ಹಾಡಿನಲ್ಲಿ. ಯುದ್ಧಕ್ಕೆ ಹೋದ ರಾಜನ ಹಾದಿ ಕಾಯುತ್ತ ರಾಣಿ ಜೋಕಾಲಿಯಲ್ಲಿ ತೂಗಿಕೊಳ್ಳುತ್ತ ಹಾಡುತ್ತಾಳೆ. ಕಂಪನಿಯ ಕಾಲದಲ್ಲಿ ಅದಕ್ಕೆ ನೆಲದ ಮೇಲೆ ನಿಲ್ಲುವ ಕಟ್ಟಿಗೆಯ ಚೌಕಟ್ಟು ಇತ್ತಂತೆ. ಈಗ ಅದೆಲ್ಲಿ ತರುವುದು? ಮಾವ ಗೋದಾಮಿನ ತೊಲೆಗೇ ಜೋಕಾಲಿ ಇಳಿಬಿಡಿಸಿದರು. ಹೊಸ ಹಗ್ಗ ತರಿಸಿ, ಇಬ್ಬರು ಗಟ್ಟಿ ಆಳುಗಳನ್ನು ಕೂಡಿಸಿ ಪರೀಕ್ಷೆ ಮಾಡಿದರು. ಹಗ್ಗ ಪಾಸಾಯಿತು.

ಮಾವನ ಅಂಜಿಕೆಯೇ ಬೇರೆ ಇತ್ತು. ನಾಟಕ ಶುರುವಾಗುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು ಹಿಂದಿನ ಸಾಲಿನ ಹುಡುಗರನ್ನು ಕಣ್ಣಲ್ಲೇ ತೋರಿಸಿದರು. ಸಿನೆಮಾ ಬಿಟ್ಟು ಬೇರೇನೂ ನೋಡದ ತರುಣರು, ನಗಲಿಕ್ಕೆಂದೇ ಬಂದವರು.

"ಇವರು ನಕ್ಕರ ಮುಗೀತು ನೋಡು," ಎಂದರು ಮಾವ. "ಆಕಿ ಮತ್ತ ಬಾಯಿ ತೆರಿಯಂಗಿಲ್ಲ. ನಾನ ಕರಕೊಂಡು ಬಂದು ಮರ್ಯಾದಿ ಕಳದಂಗ ಆಗತೈತಿ."

ಮುಂದಿನ ಸಾಲಿನಲ್ಲಿ ಮಾವನ ಪಕ್ಕ ನಾನು ಕೂತೆ. ನನ್ನ ತೊಡೆಯ ಮೇಲೆ ಒಂದು ಕಾಗದದ ಪೊಟ್ಟಣ. ನನ್ನ ಲಗ್ನ ಗೊತ್ತಾಗಿತ್ತು, ಹುಡುಗಿಗೆ ಉಡಿಸಲು ಕೆಂಪು ಸೆರಗಿನ ದಾಳಿಂಬ ಬಣ್ಣದ ಸೀರೆ ನೇಯಿಸಿ ತರಲು ಅವ್ವ ಹೇಳಿದ್ದಳು. ಅವತ್ತೇ ಮಗ್ಗದಿಂದ ಇಳಿದ ಸೀರೆ. ಮಡಿಕೆ ಕೆಟ್ಟೀತೆಂದು ನಾನು ಕಾಲನ್ನೂ ಅಲುಗಿಸದೆ ಕೂತಿದ್ದೆ.

ಅಂಬಕ್ಕ ಜೋಕಾಲಿ ಹತ್ತಿದಳು. ಇಪ್ಪತ್ತರ ರಾಣಿಗೆ ಅರವತ್ತರ ಹತ್ತಿರದ ಮೊಣಕಾಲುಗಳು. ಎರಡು ಸಲ ಹಿಡಿತ ತಪ್ಪಿತು. ಹಿಂದಿನಿಂದ ಒಂದು ದನಿ ಬಂತು, "ಸಾವಕಾಶರೀ ಅಜ್ಜಿ, ರಾಜಾ ಇನ್ನೂ ದೂರ ಅದಾನ." ಗೋದಾಮಿನ ಅರ್ಧ ನಕ್ಕಿತು. ಮಾವ ನನ್ನ ಮುಂಗೈ ಹಿಡಿದುಕೊಂಡರು, ಉಗುರು ನಾಟುವ ಹಾಗೆ.

ಆಮೇಲೆ ಆಕೆ ಹಾಡಿದಳು. ಆ ದನಿಯನ್ನು ಬಣ್ಣಿಸಲು ನನಗೆ ಬರುವುದಿಲ್ಲ. ಸ್ವಲ್ಪ ಸವೆದಿತ್ತು, ಆದರೆ ಸವೆದ ಹೊಸ್ತಿಲ ಹಾಗೆ, ಎಷ್ಟೋ ಜನ ದಾಟಿ ಹೋದ ಗುರುತು ಇತ್ತು. ಮೊದಲು ನಗು ನಿಂತಿತು. ಆಮೇಲೆ ಕೆಮ್ಮು ನಿಂತಿತು. ಹೆಂಗಸರ ಬದಿಯಲ್ಲಿ ಸೆರಗುಗಳು ಒಂದೊಂದಾಗಿ ಮೇಲೆದ್ದವು. ಹಾಡು ಮುಗಿದಾಗ ಒನ್ಸ್ ಮೋರ್ ಎಂದು ಕೂಗಿದವನು, ನನಗೆ ದನಿಯ ಗುರುತು ಹತ್ತಿತು, ಅಜ್ಜಿ ಎಂದ ಅದೇ ಹುಡುಗ. ಈ ಸಲ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಮಾವ ಅಳುತ್ತಿದ್ದರು. ನಾವು ನಗುವಿಗೆ ಅಂಜಿದ್ದೆವು. ಮೆಚ್ಚುಗೆಗೂ ಅಂಜಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಎರಡನೆಯ ಸಲದ ಹಾಡಿನಲ್ಲಿ ನಾನು ಹುಡಿ ಉದುರುವುದನ್ನು ನೋಡಿದೆ. ಜೋಕಾಲಿಯ ಮೇಲ್ಗಡೆ ಒಂದು ಬಿಸಿಲಕೋಲು ಓರೆಯಾಗಿ ಬಿದ್ದಿತ್ತು. ಜೋಕಾಲಿ ಕೆಳಗೆ ಬಂದಾಗಲೆಲ್ಲ ಆ ಬಿಸಿಲಿನಲ್ಲಿ ಚಿಟಿಕೆಯಷ್ಟು ಹಳದಿ ಹುಡಿ ಉದುರುತ್ತಿತ್ತು. ಮೇಲೆ ನೋಡಿದೆ. ಹಗ್ಗ ಕಟ್ಟಿದಲ್ಲಿ ತೊಲೆಗೆ ಒಂದು ಕಪ್ಪು ಗೆರೆ. ಜೋಕಾಲಿ ಬಂದಾಗ ಗೆರೆ ಬಾಯಿ ಬಿಡುತ್ತಿತ್ತು, ಹೋದಾಗ ಮುಚ್ಚುತ್ತಿತ್ತು. ತೂಗುವ ವಸ್ತು ತೀರ ಕೆಳಗೆ ಬಂದಾಗಲೇ ಹಗ್ಗದ ಮೇಲೆ ಎಳೆತ ಹೆಚ್ಚು ಎಂದು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತೇನೆ. ಆ ಚಿತ್ರ ನನ್ನ ಕಣ್ಣೆದುರು ಬಂದು ನಿಂತಿತು, ಬಾಣದ ಗುರುತು ಸಮೇತ. ಅದರಿಂದ ಆದ ಉಪಯೋಗವೆಂದರೆ, ಉಳಿದವರಿಗೆ ಇಲ್ಲದ ಸಂಕಟ ನನಗೊಬ್ಬನಿಗೆ ಬಂತು.

ಮಾವನಿಗೆ ಹೇಳಿದೆ. ಅವರು ಕಣ್ಣು ಮುಚ್ಚಿ ತಲೆ ತೂಗುತ್ತಿದ್ದರು, "ಸುಮ್ಮನ ಕೇಳೋ" ಎಂದರು. ಹಾಡು ಮುಗಿಯುತ್ತಲೇ ಮತ್ತೆ ಒನ್ಸ್ ಮೋರ್. ಆಕೆ ಮತ್ತೆ ಕಾಲಿನಿಂದ ನೆಲ ಮೀಟಿದಳು. ನಾನು ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಂತು, ಎಂದೂ ಕೂಗದವನು, ಇಳಿಯಿರಿ ಕೆಳಗೆ ಎಂದು ಕೂಗಿದೆ. ಅಲ್ಲೇ ಎಡವಟ್ಟಾಯಿತು. ಪ್ರೇಕ್ಷಕರ ನಡುವೆ ನಿಂತು ಕೂಗುವವನು ಒಂದೋ ಹೊಗಳುತ್ತಿರಬೇಕು, ಇಲ್ಲವೇ ಹೀಯಾಳಿಸುತ್ತಿರಬೇಕು. ಮೂರನೆಯ ಅರ್ಥಕ್ಕೆ ಅಲ್ಲಿ ಜಾಗವೇ ಇಲ್ಲ. ಸುತ್ತಲಿನ ಮುಖಗಳೆಲ್ಲ ನನ್ನತ್ತ ತಿರುಗಿ ಕೆಂಪಾದವು.

"ಯಾವಂವಲೇ ಅಂವ? ನಿನಗ ಸೇರಲಿಲ್ಲಂದ್ರ ನೀ ಎದ್ದು ಹೋಗು."

ರಂಗದ ಕಡೆ ನುಗ್ಗಿದೆ. ಕಿಕ್ಕಿರಿದ ಗೋದಾಮಿನಲ್ಲಿ ಒಂದು ಸಣ್ಣ ಹಾದಿ ಮಾತ್ರ ಬಿಟ್ಟಿದ್ದರು, ಆಯೇರಿ ಕೊಡುವವರಿಗಾಗಿ. ನಾನು ಎರಡು ಹೆಜ್ಜೆ ಇಡುವಷ್ಟರಲ್ಲಿ ಯಾರೋ ಅಂಗಿಯ ಚುಂಗು ಹಿಡಿದು ಜಗ್ಗಿ ನೆಲಕ್ಕೆ ಕೂಡಿಸಿದರು. ಅವರ ತಪ್ಪೇನು? ಬರಿಗೈಯಲ್ಲಿ ಆ ಹಾದಿಯಲ್ಲಿ ಯಾರೂ ನಡೆಯುವುದಿಲ್ಲ. ಕೂತಲ್ಲಿಂದ ನೋಡಿದರೆ ಹುಡಿ ಈಗ ಚಿಟಿಕೆಯಷ್ಟಲ್ಲ, ಸಣ್ಣ ಧಾರೆ. ಆಗ ನನ್ನ ಕುರ್ಚಿಯ ಮೇಲಿದ್ದ ಪೊಟ್ಟಣ ಕಂಡಿತು. ಕಾಗದ ಹರಿದು ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎದ್ದೆ. ಅದೇ ಜನ, ಅದೇ ಹಾದಿ. ನನ್ನನ್ನು ಜಗ್ಗಿದ ಕೈಯೇ ಬೆನ್ನಿಗೆ ಒತ್ತಾಸೆ ಕೊಟ್ಟು ರಂಗಕ್ಕೆ ಹತ್ತಿಸಿತು. "ಆಯೇರಿ ಐತಿ, ಹಾದಿ ಬಿಡ್ರಿ."

ಪೇಟಿ ಮಾಸ್ತರರು ಸೀರೆ ನೋಡಿ ಕೈ ತಡೆದರು. ಆದರೆ ಅಂಬಕ್ಕ ಹಿಡಿದ ಸಾಲು ಮುಗಿಸದೆ ಬಿಡುವವಳಲ್ಲ. ಆ ತೊಲೆಯ ಕೆಳಗೇ ನಾನು ಸೀರೆ ಹಿಡಿದು ನಿಂತಿದ್ದೆ, ಆಕೆ ಆಲಾಪ ಎಳೆಯುತ್ತಿದ್ದಳು. ಅಷ್ಟು ಉದ್ದದ ಆಲಾಪವನ್ನು ನಾನು ನನ್ನ ಜನ್ಮದಲ್ಲಿ ಕೇಳಿಲ್ಲ. ಕೊನೆಗೂ ಕಾಲು ಊರಿ ಜೋಕಾಲಿ ನಿಲ್ಲಿಸಿದಳು, ಇಳಿದಳು, ರಂಗದ ಮುಂದಕ್ಕೆ ಬಂದು ಉಡಿಯೊಡ್ಡಿದಳು. ನಾನು ಹೆಸರು ಹೇಳಿದೆ. ಊರು ಮರೆತುಹೋಯಿತು. ಜನ ನಕ್ಕರು. ಆ ಗದ್ದಲದಲ್ಲಿ ನಾನು ಆಕೆಗಷ್ಟೇ ಕೇಳುವಂತೆ ಹೇಳಿದೆ:

"ಮತ್ತ ಹತ್ತಬ್ಯಾಡ್ರಿ ಅಂಬಕ್ಕಾರ. ತೊಲಿ ಸೀಳೈತಿ."

ಆಕೆ ತಲೆ ಎತ್ತಲಿಲ್ಲ. ಸೀರೆಯನ್ನು ಕಣ್ಣಿಗೊತ್ತಿಕೊಳ್ಳುತ್ತ, ನಗುಮುಖದಲ್ಲೇ ಹೇಳಿದಳು.

"ಗೊತ್ತೈತಿ ತಮ್ಮಾ. ಆಗಿನಿಂದ ನೆತ್ತಿ ಮ್ಯಾಲ ಹುಡಿ ಬೀಳಾಕತ್ತೈತಿ. ಇಷ್ಟು ವರ್ಷಕ್ಕ ಮಂದಿ ಇನ್ನೊಮ್ಮೆ ಅಂದಾರ. ನಾನಾಗಿ ಹೆಂಗ ಇಳೀಲಿ?"

ಈ ಮಾತನ್ನು ನಾನು ಎಷ್ಟು ಸಲ ಮತ್ತೆ ಕೇಳಿಸಿಕೊಂಡಿದ್ದೇನೋ. ನನ್ನ ಬೋರ್ಡಿನ ಚಿತ್ರದಲ್ಲಿ ಈ ಎಳೆತಕ್ಕೆ ಬಾಣದ ಗುರುತಿಲ್ಲ.

ಜನ ಹಾಡು ಮುಗಿಸೆಂದು ಕೂಗಿದರು. ಆಕೆ ಜೋಕಾಲಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಸೀರೆಯ ಮಡಿಕೆ ಬಿಚ್ಚಿ, ಎದುರಿಗೆ ಹಿಡಿದುಕೊಂಡು, ನಿಂತಲ್ಲೇ ಹಾಡು ಎತ್ತಿಕೊಂಡಳು. ಪೇಟಿ ಮಾಸ್ತರರು ಸುರು ಮಾಡಿದರು. ನಾನಿನ್ನೂ ರಂಗದ ಮೆಟ್ಟಿಲಲ್ಲೇ ಇದ್ದೆ. ಎರಡನೆಯ ಸಾಲು ಬಂದಿರಬೇಕು, ಆಕೆಯ ಬೆನ್ನ ಹಿಂದೆ ಚಕ್ಕಡಿ ಮಗುಚಿದಂಥ ಸದ್ದಾಯಿತು. ತೊಲೆ ಅರ್ಧಕ್ಕೆ ಮುರಿದು ಖಾಲಿ ಜೋಕಾಲಿಯ ಮೇಲೆ ಬಂದು ಬಿತ್ತು. ಹಲಗೆ ಎರಡು ಹೋಳಾಯಿತು. ಹುಡಿ ಎದ್ದು ಬಿಸಿಲಕೋಲುಗಳೆಲ್ಲ ಬಂಗಾರದ ಕಂಬಗಳಾದವು. ಅದರ ನಡುವೆ ಅಂಬಕ್ಕ ಹಿಡಿದ ಸ್ವರ ಬಿಡದೆ ನಿಂತಿದ್ದಳು.

ಆಮೇಲೆ ಚಪ್ಪಾಳೆ, ಚಾವಣಿಯ ಉಳಿದ ತೊಲೆಗಳೂ ನಡುಗುವಂಥದ್ದು. ಕಂಪನಿ ನಾಟಕಗಳಲ್ಲಿ ಅರಮನೆಗಳು ಉರಿಯುತ್ತಿದ್ದವು, ಆಕಾಶ ಸೀಳುತ್ತಿತ್ತು. ಇದೂ ಅಂಥದೇ ಸೀನು ಎಂದು ಜನ ತಿಳಿದರು. ಹಿಂದಿನ ಸಾಲಿನಿಂದ ಆ ಹುಡುಗ, ಅವನೇ, ಎರಡೂ ಕೈ ಎತ್ತಿ ಕೂಗಿದ.

"ಒನ್ಸ್ ಮೋರ್!"

ಮಾವ ಆಮೇಲೆ ಚಹಾದಂಗಡಿಯಲ್ಲಿ ಕೂತು, ಹಗ್ಗ ಅಷ್ಟೇ ನೋಡಿದೆ ಎಂದು ಮತ್ತೆ ಮತ್ತೆ ಅಂದರು. ತೊಲೆಯೊಳಗೆ ಹುಳು ಹಿಡಿದು ಪೊಳ್ಳಾಗಿತ್ತು. ರಸ್ತೆಯಲ್ಲಿ ಹೋಗುವವರು ಅವರ ಬೆನ್ನು ತಟ್ಟಿ, ಆ ಸೀನು ಹೇಗೆ ಮಾಡಿಸಿದಿರಿ ಎಂದು ಕೇಳುತ್ತಿದ್ದರು. ಅಂಬಕ್ಕ ಮುಂದೆ ಸಂತೆಯಲ್ಲಿ ಸಿಕ್ಕಾಗ, ಸೀರೆಯನ್ನು ಎದುರಿಗೆ ಹಿಡಿದದ್ದು ಕಾಲು ನಡುಗುವುದು ಕಾಣದಿರಲಿಕ್ಕೆ ಎಂದು ಹೇಳಿ ನಕ್ಕಳು. ಅವ್ವನ ಬೈಗುಳಕ್ಕೆ ಇನ್ನೊಂದು ಸೀರೆ ನೇಯಿಸಬೇಕಾಯಿತು. ಹೆಂಡತಿಗೆ ತನ್ನದು ಎರಡನೆಯ ಸೀರೆ ಎಂಬುದು ಗೊತ್ತು. ಜಗಳ ಬಂದಾಗಲೆಲ್ಲ ಅದು ರಂಗಕ್ಕೆ ಬರುತ್ತದೆ.

ಈಗ ಸಭೆ ಸಮಾರಂಭಕ್ಕೆ ಹೋಗುವಾಗ ನನ್ನ ಚೀಲದಲ್ಲಿ ಮಡಚಿದ ಹೊಸ ಟವೆಲ್ಲೊಂದು ಇರುತ್ತದೆ. ಬೆವರು ಒರೆಸಲಿಕ್ಕೆ ಎಂದು ಹೆಂಡತಿ ತಿಳಿದಿದ್ದಾಳೆ. ಮೊನ್ನೆ ಬಾದಾಮಿಯಲ್ಲಿ ಹೆಡ್‌ಮಾಸ್ತರರೊಬ್ಬರ ನಿವೃತ್ತಿ ಸಮಾರಂಭ. ಅವರು ಭಾಷಣ ಮುಗಿಸಲು ಹೊರಟಾಗಲೆಲ್ಲ ಹಳೆಯ ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದು ಇನ್ನೊಂದು ನೆನಪು ಹೇಳಿಸುತ್ತಿದ್ದರು. ಅವರ ದನಿ ಒಡೆದಿತ್ತು, ಎರಡೂ ಕೈಯಿಂದ ಮೇಜು ಹಿಡಿದು ನಿಂತಿದ್ದರು, ಮುಖದ ಮೇಲೆ ಮಾತ್ರ ಆ ನಗು. ನನಗೆ ಆ ನಗುವಿನ ಗುರುತು ಚೆನ್ನಾಗಿ ಇತ್ತು. ಎದ್ದು ಹೋಗಿ, ಆಯೇರಿ ಎಂದು ಟವೆಲ್ಲು ಹೊದಿಸಿದೆ. ಮಾತು ನಿಂತಿತು. ಅವರು ಕುರ್ಚಿಯಲ್ಲಿ ಕುಸಿದು ಕೂತು, ನೀರು ಕುಡಿದು, ಬಹಳ ಹೊತ್ತು ನನ್ನ ಕೈ ಬಿಡಲೇ ಇಲ್ಲ.

ಜನ ಮತ್ತೆ ಚಪ್ಪಾಳೆ ತಟ್ಟಿದರು. ನಾನು ಮೇಲೆ ನೋಡಿದೆ. ಫ್ಯಾನು ಸ್ವಲ್ಪ ಅಲುಗಾಡುತ್ತಿತ್ತು.