ಎಮ್ಮೆ ನಾಲೆಗೆ ಬಿದ್ದ ಕಥೆ

ಹೋದ ವಾರ ಮದ್ದೂರಿನ ನಮ್ಮ ಶಾಲೆಯಲ್ಲಿ ಬೀರು ಖಾಲಿ ಮಾಡುತ್ತಿದ್ದಾಗ, ಹಳೆ ಸೀರೆ ತುಂಡು ಸುತ್ತಿ ಹೊಲಿದ ಬಟ್ಟೆಚೆಂಡೊಂದು ಸಿಕ್ಕಿತು. ಯಾವ ಮಗು ಬಿಟ್ಟುಹೋದದ್ದೋ. ಕೈಗೆ ತೆಗೆದುಕೊಂಡಾಗ ನನ್ನ ನಾಲ್ಕನೇ ಕ್ಲಾಸಿನ ಮೇಡಂ ನೆನಪಾದರು...

ಕೊತ್ತತ್ತಿ ಕಡೆಯ ನಮ್ಮೂರಿಗೆ ಅವರು ಮಂಡ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ಸರಿಯಾಗಿ ಓದಲು ಬಾರದವರೇ ಹೆಚ್ಚು, ನಾನೂ ಒಬ್ಬಳು. ಅವರು ಪುಸ್ತಕ ಮುಚ್ಚಿಸಿ ಇಂಥದೇ ಚೆಂಡು ಎಸೆಯುತ್ತಿದ್ದರು. ಹಿಡಿದವರು ಕಥೆಗೆ ಒಂದು ಮಾತು ಸೇರಿಸಬೇಕು. ಹಿಂದಿನವರು ಹೇಳಿದ್ದನ್ನು ಸುಳ್ಳು ಮಾಡುವಂತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮೇಡಂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅದೇ ನಮ್ಮ ಓದಿನ ಪಾಠ.

ಒಂದು ದಿನದ ಕಥೆಯಲ್ಲಿ ಎಮ್ಮೆಯೊಂದು ನಾಲೆಗೆ ಬಿದ್ದಿತ್ತು. ಚೆಂಡು ನಮ್ಮ ಪಕ್ಕದ ಗದ್ದೆಯವರ ಮಗಳ ಕೈಗೆ ಹೋಯಿತು. ಅವರದು ಮೇಲಿನ ಗದ್ದೆ, ನಮ್ಮದು ಕೆಳಗಿನದು. ನೀರಿನ ಸರದಿಗೆ ಜಗಳವಾಗಿ ಎರಡೂ ಮನೆಗೆ ಮಾತಿರಲಿಲ್ಲ. ಅವಳು ನನ್ನನ್ನೇ ನೋಡುತ್ತ, "ಎಮ್ಮೆ ಕೆಳಗ್ಲೋರ್ದು. ಅದ್ಕೇ ಯಾರೂ ಎಳೀಲಿಲ್ಲ" ಅಂದಳು. ಚೆಂಡು ನನಗೆ ಬಂತು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಮನೆಯಲ್ಲಿ ಹೇಳಿದೆ. ಮಾರನೆಯ ದಿನ ಬೆಳಿಗ್ಗೆ ಅಪ್ಪ ನೇರ ಕ್ಲಾಸಿಗೆ ಬಂದ.

"ಇಸ್ಕೂಲಲ್ಲಿ ಪಾಠ ಮಾಡೀರೋ, ಊರ್ ಜಗಳ ಆಡ್ಸೀರೋ?"

ಮೇಡಂ ಚೆಂಡನ್ನು ಅವನ ಕೈಗೇ ಇಟ್ಟರು. "ನಿಮ್ಮ ಮಗಳ ಸರದಿ ಉಳಿದಿದೆ ಯಜಮಾನ್ರೇ. ನೀವೇ ಹೇಳಿ."

ಬೋರ್ಡಿನ ಮೇಲೆ ಕಥೆ ಹಾಗೇ ಇತ್ತು. ಅಪ್ಪನಿಗೆ ಓದು ಬಾರದು. "ಅದೇನೈತೆ ಓದವ್ವ" ಎಂದ. ನಾನು ಎದ್ದು ನಿಂತೆ. ಅವೆಲ್ಲ ನಾವೇ ಆಡಿದ ಮಾತುಗಳು. ಒಂದು ಕಡೆಯೂ ತಡವರಿಸದೆ ಕೊನೆಯವರೆಗೆ ಓದಿದೆ. ಅಪ್ಪ ನನ್ನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದ. ಸಿಟ್ಟು ಎಲ್ಲಿ ಹೋಯಿತೋ.

"ಎಮ್ಮೆ ಏನ್ ಮಾಡಿತ್ತು ಪಾಪ... ಕೊನೀಗೆ ಎರಡ್ ಮನೆಯೋರೂ ಅಗ್ಗ ಇಡ್ದು ಎಳುದ್ರು ಅಂತ ಬರ್ಕಳಿ" ಅಂದು ಹೊರಟುಬಿಟ್ಟ.

ಇದರಿಂದ ಜಗಳವೇನೂ ಮುಗಿಯಲಿಲ್ಲ. ಅಪ್ಪನೂ ಮೇಲಿನ ಗದ್ದೆಯವರೂ ಮಾತಾಡಿದ್ದು ಮುಂದೆ ಎಷ್ಟೋ ವರ್ಷಕ್ಕೆ, ಯಾರದೋ ಮದುವೆ ಮನೆಯಲ್ಲಿ. ಆದರೆ ನಾಲ್ಕನೇದಕ್ಕೇ ನನ್ನನ್ನು ಬಿಡಿಸಿಬಿಡಬೇಕು ಅನ್ನುತ್ತಿದ್ದ ಅಪ್ಪ ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ನಾನು ಓದಿದೆ, ಟೀಚರೂ ಆದೆ.

ಮೇಡಂಗೆ ಮಳವಳ್ಳಿ ಕಡೆಗೆ ವರ್ಗವಾಗಿತ್ತು. ಕೆಲಸ ಸಿಕ್ಕಾಗ ಹೋಗಿ ಹೇಳಿ ಬರಬೇಕು ಅಂದುಕೊಂಡೆ. ಮದ್ದೂರಿನಿಂದ ಒಂದು ಬಸ್ಸು, ಅಷ್ಟೇ. ಆ ರಜೆ, ಈ ರಜೆ ಅನ್ನುತ್ತ ಮುಂದೆ ಹೋಯಿತು... ಮೊನ್ನೆ ಆ ಕಡೆಯ ಟೀಚರೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದೆ. ಮೇಡಂ ತೀರಿಹೋಗಿ ಎರಡು ವರ್ಷವಾಯಿತಂತೆ.

ಸಂಜೆ ಅಪ್ಪನಿಗೆ ಹೇಳಿದೆ.

"ಒಂದ್ಸಲನಾದ್ರೂ ಓಗ್ಬೇಕಿತ್ತು ಕಣವ್ವ" ಅಂದ.

ಹೋಗಬೇಕಿತ್ತು.