ಮಿಸ್ತ್ರಿ ಕಾಕಾನ ಬಲಗೈ

ಕಿವಿಯ ಕೆಳಗಿನಿಂದ ಹೆಗಲಿನವರೆಗೆ ಅವರ ಕುತ್ತಿಗೆಯ ಚರ್ಮ ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು. ಹಿಂದೊಮ್ಮೆ ಲಾರಿಯ ರೇಡಿಯೇಟರ್ ಮುಚ್ಚಳ ಹಾರಿ, ಕುದಿಯುವ ನೀರು ಸಿಡಿದು ಆದ ಸುಟ್ಟಗಾಯ. ಮೈಯೆಲ್ಲ ಬೆವತು ತೊಯ್ದಾಗಲೂ ಆ ಜಾಗವೊಂದು ಒಣಗಿಯೇ ಇರುತ್ತಿತ್ತು.

ಗಜೇಂದ್ರಗಡದ ಬಸ್ ನಿಲ್ದಾಣದಾಚೆ ಅವರ ಗ್ಯಾರೇಜು. ನಾನು ಅವರನ್ನು ಮಿಸ್ತ್ರಿ ಕಾಕಾ ಅನ್ನುತ್ತಿದ್ದೆ. ಬಾಯಿ ಬಲು ಹೊಲಸು. ತುಕ್ಕು ಹಿಡಿದ ನಟ್ಟು ಬಿಚ್ಚದಿದ್ದರೆ ಅದನ್ನು ಹಡೆದವಳನ್ನೂ ಬಯ್ದು, ತಿರುಪುವ ಪಾನಾವನ್ನು ಗೋಡೆಗೆ ಬೀಸಿ ಒಗೆಯುತ್ತಿದ್ದರು. ಗೋಡೆಯ ಗಿಲಾವು ಕಿತ್ತು ಅಲ್ಲಲ್ಲಿ ಇಟ್ಟಿಗೆ ಕಾಣುತ್ತಿತ್ತು. ಸಿಟ್ಟಿಳಿದ ಮೇಲೆ ತಾವೇ ಹೋಗಿ ಪಾನಾ ಎತ್ತಿಕೊಂಡು, ಒರೆಸಿ, ಮತ್ತೆ ಕೆಲಸಕ್ಕೆ ಬಾಗುತ್ತಿದ್ದರು.

ಪೆಟ್ಟು ತಾಳಲಾರದೆ ಗಂಡನನ್ನು ಬಿಟ್ಟು ನಾನು ನರಗುಂದದಿಂದ ರೋಣದ ತವರಿಗೆ ಬಂದ ವರ್ಷ, ಹಳೆಯದೊಂದು ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕೊಂಡೆ. ಊರು ನಕ್ಕಿತು. ನನಗೆ ಮೊದಲಿನಿಂದಲೂ ಗಾಡಿ ಓಡಿಸುವ ಹುಚ್ಚು. ಆದರೆ ನಮ್ಮ ಬಿಸಿಲಿಗೆ ಅದರ ಇಂಜಿನ್ ವಿಪರೀತ ಕಾಯುತ್ತಿತ್ತು. ಕಾಕಾ ಬಾನೆಟ್ ಎತ್ತಿ ನೋಡಿದರು.

"ಇದನ್ನ ಯಾವದೋ ತಂಪ ದೇಶಕ್ಕ ಮಾಡ್ಯಾರವ್ವಾ. ದೊಡ್ಡ ರೇಡಿಯೇಟರ್ ತರಸು, ಗಟ್ಟಿ ಪೈಪ ತರಸು. ಹ್ಯಾಂಗ ಓಡೂದಿಲ್ಲ ನಾ ನೋಡ್ತೀನಿ."

ಪುಣೆಯಿಂದ ಅಲ್ಯೂಮಿನಿಯಂ ರೇಡಿಯೇಟರು, ಸಿಲಿಕೋನ್ ಪೈಪು, ಹೊಸ ಏರ್ ಫಿಲ್ಟರು ತರಿಸಿದೆ. ಕಾರಿನ ಕಂಪನಿಯದಲ್ಲ, ಬೇರೆಯವರು ಮಾಡಿದ ಸಾಮಾನು. ಒಂದೂ ಸರಿಯಾಗಿ ಕೂಡಲಿಲ್ಲ. ಕಾಕಾ ಪಟ್ಟಿ ಕೊಯ್ದು, ತೂತು ಕೊರೆದು, ಅರದಿಂದ ತಿಕ್ಕಿ, ಬಯ್ಯುತ್ತಲೇ ಕೂಡಿಸಿದರು. ರೇಡಿಯೇಟರಿಗೆ ಹಸಿರು ಕೂಲಂಟ್ ಬೆರೆಸಿದ ನೀರು ತುಂಬಿಸಿದ್ದಷ್ಟೇ, ಹೊರಗೆ ಜೀಪು ನಿಂತಿತು. ನನ್ನ ಗಂಡ. ಕೈಯಲ್ಲಿ ಕಬ್ಬಿಣದ ಸರಳು.

"ಮಂದ್ಯಾಗ ನನ್ನ ಮಾನಾ ಕಳದು ಕಾರಿನ್ಯಾಗ ಮೆರಿಯಾಕತ್ತಿಯೇನ?" ಎಂದವನೇ ಮುಂದಿನ ಗಾಜಿಗೆ ಬಡಿದ. ದೀಪ ಒಡೆದ. ತೆರೆದ ಬಾನೆಟ್ಟಿನೊಳಗೆ ಸರಳು ತೂರಿ ಹೊಸ ರೇಡಿಯೇಟರನ್ನು ಸೀಳಿದ. ಹಸಿರು ನೀರು ನೆಲಕ್ಕೆ ಸುರಿಯಿತು. ಪಾನಾ ಒಗೆಯುವ ಕಾಕಾ ಅಂದು ಅಲ್ಲಾಡಲಿಲ್ಲ.

"ಒಡಿಯಪಾ. ಅದು ತಗಡು. ಒಡದು ಮನಿಗೆ ಹೋಗು."

ಅವನು ಹೋಗಲಿಲ್ಲ. ನನ್ನ ಹೆರಳು ಹಿಡಿದೆಳೆದು ಸರಳು ಎತ್ತಿದ. ಕಾಕಾ ನಡುವೆ ನುಗ್ಗಿ ಬಲಗೈ ಅಡ್ಡ ಹಿಡಿದರು. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಎರಡನೆಯ ಪೆಟ್ಟೂ ಅದೇ ಕೈಗೆ ಬಿತ್ತು. ಆಮೇಲೆ ಕಾಕಾ ಎಡಗೈಯಿಂದ ಅವನ ಗಂಟಲು ಹಿಡಿದು ಕಾರಿನ ಮೇಲೆ ಕೆಡವಿದರು, ಹಣೆಯಿಂದ ಅವನ ಮುಖ ಜಜ್ಜಿದರು. ಮೂಗೊಡೆದು ರಕ್ತ ಇಂಜಿನ್ ಮೇಲೆಲ್ಲ ಸಿಡಿಯಿತು. ಜಜ್ಜುವುದು ನಿಲ್ಲಲೇ ಇಲ್ಲ.

"ಕಾಕಾ, ಸಾಯ್ತಾನ್ರೀ! ಬಿಡ್ರಿ!" ಎಂದು ನಾನು ಅವರ ಬೆನ್ನಿಗೆ ಜೋತುಬಿದ್ದೆ.

ಬಿಟ್ಟರು.

ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕುವಾಗ ನನ್ನ ಮುಖ ನೋಡದೆ ಹೇಳಿದರು: "ಕೈ ಎತ್ತಿದ ಗಂಡಸಿನ ಮಾರಿ ನನಗ ಹೊಸಾದಲ್ಲವ್ವಾ. ನಾನೂ ಹಂಗ ಇದ್ದೆ."

ಮೂಳೆ ಸೊಟ್ಟಗೆ ಕೂಡಿತು. ಆ ಬೆರಳುಗಳು ಮತ್ತೆ ಮುಷ್ಟಿ ಕಟ್ಟಲಿಲ್ಲ. ಎಡಗೈಯಲ್ಲಿ ಪಾನಾ ಹಿಡಿಯುವುದನ್ನು ರೂಢಿಸಿಕೊಂಡು ಇನ್ನೊಂದು ರೇಡಿಯೇಟರ್ ಕೂಡಿಸಿಕೊಟ್ಟರು. ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಗಂಡ ಮತ್ತೆ ನನ್ನ ದಾರಿಗೆ ಬರಲಿಲ್ಲ. ಕಡುಬೇಸಗೆಯಲ್ಲಿ ನರಗುಂದದ ರಸ್ತೆಗೆ ಕಾರು ಬಿಟ್ಟಾಗ ಕಾಕಾ ಪಕ್ಕದಲ್ಲಿ ಕುಳಿತು, "ಇನ್ನಷ್ಟ ಒತ್ತ, ಅಂಜಬುರಕಿ!" ಎಂದು ಬಯ್ಯುತ್ತಿದ್ದರು.

ಹೋದ ವರ್ಷ ಎದೆ ಹಿಡಿದುಕೊಂಡು ಗ್ಯಾರೇಜಿನಲ್ಲೇ ತೀರಿಕೊಂಡರು. ನಾನು ಹೋದಾಗ ಹೆಣದ ಪಕ್ಕದಲ್ಲಿ, ನಾನೆಂದೂ ಕಾಣದ ಒಬ್ಬ ಹೆಂಗಸು ಕುಳಿತಿದ್ದರು. ಕಾಕಾನ ಹೆಂಡತಿ, ಎಷ್ಟೋ ವರ್ಷಗಳ ಹಿಂದೆ ಮನೆ ಬಿಟ್ಟು ಜಕ್ಕಲಿಯ ತವರಿಗೆ ಹೋಗಿದ್ದವರು.

"ಕಾಕೂ, ನನ್ನ ಸಲುವಾಗಿ ಇವರ ಕೈ ಮುರೀತ್ರೀ," ಎಂದು ನಾನು ಅತ್ತುಬಿಟ್ಟೆ.

ಅವರು ಬಟ್ಟೆ ಸರಿಸಿ ಆ ಸೊಟ್ಟ ಕೈಯನ್ನು ಹೊರಗೆ ತೆಗೆದು ನೋಡಿದರು.

"ಇದ ಕೈಲೇ ನನ್ನ ಬಡೀತಿದ್ರವ್ವಾ," ಎಂದರು.

ಎತ್ತುವ ಹೊತ್ತಾಯಿತೆಂದು ಜನ ಬಂದು ಹೇಳುವವರೆಗೂ ಅವರು ಆ ಕೈ ಬಿಡಲಿಲ್ಲ.