ಅಯ್ಯನವರ ನಡಿಗೆಗೆ ಹೊಂದಿಸಿದ ಗಾಡಿ

ಅಯ್ಯನವರು ವಿಭೂತಿ ಹಚ್ಚಿಕೊಳ್ಳುವಾಗ ಕೈಯನ್ನು ಹಣೆಗೆ ಒಯ್ಯುತ್ತಿರಲಿಲ್ಲ, ಹಣೆಯನ್ನೇ ಕೈಗೆ ತರುತ್ತಿದ್ದರು. ಬಲಭುಜ ಮುರಿದು ಹೇಗೋ ಕೂಡಿಕೊಂಡ ಮೇಲೆ ಆ ಕೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಎಡಗೈಯಲ್ಲಿ ಹಚ್ಚಿಕೊಳ್ಳಿ ಎಂದರೆ ಒಪ್ಪುವ ಮನುಷ್ಯರಲ್ಲ. ಹೀಗಾಗಿ ಬಲಗೈಯ ಮೂರು ಬೆರಳನ್ನು ಎದೆಯ ಮುಂದೆ ಹಿಡಿದು, ತಲೆ ಬಗ್ಗಿಸಿ, ಹಣೆಯನ್ನು ಬೆರಳಿನ ಮೇಲೆ ಮೆಲ್ಲಗೆ ಹೊರಳಿಸುತ್ತಿದ್ದರು. ಗೆರೆಗಳು ಯಾವತ್ತೂ ನೆಟ್ಟಗೆ ಬರಲಿಲ್ಲ. "ಶಿವಗ ಗೊತ್ತದ ಬಿಡು, ಇಂವಂದು ಭುಜ ನೆಟ್ಟಗಿಲ್ಲಂತ" ಎಂದು ತಾವೇ ನಗುತ್ತಿದ್ದರು.

ಮಹಾರಾಷ್ಟ್ರದ ಗಡಿಯ ನಿಲಂಗಾದಲ್ಲಿ ಅವರ ಮನೆಯ ಹಿತ್ತಲ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ಮೊಬೈಲ್ ಟವರುಗಳ ಬ್ಯಾಟರಿ ನೋಡಿಕೊಳ್ಳುವುದು ನನ್ನ ಕೆಲಸ. ಇವತ್ತು ಲೋಹಾರಾ, ನಾಳೆ ಉಮರ್ಗಾ, ನಾಡಿದ್ದು ಉದಗೀರ. ಹುಟ್ಟಿದ್ದು ಮುರುಮದಲ್ಲಾದರೂ ಅವ್ವ ಹೋದ ಮೇಲೆ ಆ ಊರಿಗೆ ಹೋಗಲು ನೆವ ಉಳಿಯಲಿಲ್ಲ. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವವರೂ ದಣಿದು ಬಿಟ್ಟುಬಿಟ್ಟಿದ್ದರು. ಹಗಲೆಲ್ಲ ಟವರಿನ ಬೇಲಿಯೊಳಗೆ ಒಬ್ಬನೇ, ಸಂಜೆ ಖೋಲಿಯಲ್ಲಿ ಒಬ್ಬನೇ. ಇಂಥ ಹೊತ್ತಿಗೆ ಕೆಲವರು ಕುಡಿಯುತ್ತಾರೆ, ಕೆಲವರು ಭಜನೆಗೆ ಹೋಗುತ್ತಾರೆ. ನಾನು ರಿಮೋಟಿನ ಟ್ರಕ್ಕು ಕಟ್ಟುತ್ತಿದ್ದೆ.

ಜಾತ್ರೆಯಲ್ಲಿ ಸಿಗುವ ಆಟಿಕೆಯಲ್ಲ ಅದು. ಮೊಳದುದ್ದದ ಗಾಡಿ, ದಪ್ಪ ಗಾಲಿ, ನಾಲ್ಕೂ ಕಡೆ ಸ್ಪ್ರಿಂಗು, ಹೊಟ್ಟೆಯಲ್ಲಿ ಬ್ಯಾಟರಿ ಮೋಟರು. ಬಿಡಿಭಾಗ ಪುಣೆಯಿಂದ ಕುರಿಯರಿನಲ್ಲಿ ಬರುತ್ತಿತ್ತು. ಒಂದು ಭಾನುವಾರ ಹಿತ್ತಲಲ್ಲಿ ಅದನ್ನು ಓಡಿಸುತ್ತಿದ್ದಾಗ ಅಯ್ಯನವರು ಬಾಗಿಲಲ್ಲಿ ಬಂದು ನಿಂತರು. ನೋಡಿದವರೆಲ್ಲ ಕೇಳುತ್ತಿದ್ದುದು ಎರಡೇ ಪ್ರಶ್ನೆ: ಎಷ್ಟಕ್ಕೆ ತಂದಿ, ಎಷ್ಟು ಜೋರಾಗಿ ಓಡುತ್ತದೆ. ಇವರು ಬೇರೆಯೇ ಕೇಳಿದರು.

"ಇದು ಎಷ್ಟು ಹೊರತದೋ?"

ಕೇಳಿದ್ದಕ್ಕೆ ಕಾರಣವಿತ್ತು. ಅಯ್ಯನವರು ಜಂಗಮರು. ಸೋಮವಾರ ಜೋಳಿಗೆ ಹಾಕಿಕೊಂಡು ತಮ್ಮ ಭಕ್ತರ ಮನೆಗಳಿಗೆ ಭಿಕ್ಷೆಗೆ ಹೋಗುವುದು, ಬಂದ ಕಾಳನ್ನು ಮಠದ ಅಡುಗೆಮನೆಗೆ ಮುಟ್ಟಿಸುವುದು ತಂದೆಯ ಕಾಲದಿಂದ ಬಂದದ್ದು. ಆದರೆ ಮೊಣಕಾಲು ಹಿಡಿದದ್ದರಿಂದ ಎಡಗೈಗೆ ಕೋಲು ಬೇಕು, ಬಲಭುಜ ಭಾರ ತಡೆಯದು. ಜೋಳಿಗೆ ಹಾಕಲು ಮೈಯಲ್ಲಿ ಜಾಗವೇ ಉಳಿದಿರಲಿಲ್ಲ. ಹೆಂಡತಿ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇನ್ನು ಮನೆಯಲ್ಲೇ ಇರಬಾರದೇ ಎಂದು ನಾನು ಕೇಳಿಯೂ ಬಿಟ್ಟೆ.

"ಜ್ವಾಳಕ್ಕ ಹೋಗತೀನಿ ಅನಕೊಂಡೇನು? ಜ್ವಾಳ ಮನ್ಯಾಗ ಅದ" ಎಂದರು. "ಸೋಮವಾರ ಬಿಟ್ರ ನನ್ನ ಸಲುವಾಗಿ ಯಾರೂ ಕದಾ ತೆಗೆಂಗಿಲ್ಲ. ನಾಕು ವಾರ ಹೋಗಲಿಲ್ಲಂದ್ರ ಐದನೇ ವಾರ ಅವರು ಕದಾ ಯಾಕ ತೆಗೀತಾರ?"

ಆ ಮಾತು ನನಗೆ ನಾಟಿತು. ನನ್ನ ಕದವನ್ನು ಕುರಿಯರಿನವನು ಬಿಟ್ಟರೆ ಯಾರೂ ತಟ್ಟುತ್ತಿರಲಿಲ್ಲ.

ಗಾಡಿಯ ಮೇಲಿನ ಬಣ್ಣದ ಮುಚ್ಚಳ ತೆಗೆದು ತಗಡಿನ ತಟ್ಟೆ ಕೂಡಿಸಿದೆ. ಅಯ್ಯನವರು ಅದಕ್ಕೆ ಬಿಳಿ ಬಟ್ಟೆ ಹಾಸಿದರು. ಜೋಳಿಗೆ ನೆಲಕ್ಕೆ ತಾಗಬಾರದೆಂಬುದು ಅವರ ನೇಮ. ಭಿಕ್ಷೆಗೆ ಗಾಡಿ ಒಯ್ಯುವುದು ನಡೆದೀತೇ ಎಂದು ಓಣಿಯ ಒಬ್ಬಿಬ್ಬರು ಮೂಗು ಮುರಿದರು. "ಹಿಂದಿನವ್ರು ಎತ್ತಿನ ಮ್ಯಾಲ ಹೇರತಿದ್ರು. ಇದು ಬ್ಯಾಟರಿ ಎತ್ತು, ಸಗಣಿ ಹಾಕಂಗಿಲ್ಲ, ಅಷ್ಟೇ ಫರಕ್" ಎಂದು ಅಯ್ಯನವರು ಅವರ ಬಾಯಿ ಮುಚ್ಚಿಸಿದರು. ರಿಮೋಟನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರು. ಹೊಟ್ಟೆಯ ಮಟ್ಟದಲ್ಲಿ ಬಲಗೈ ಚೆನ್ನಾಗಿಯೇ ಆಡುತ್ತಿತ್ತು. ಮುದುಕರು ಎರಡು ದಿನದಲ್ಲಿ ಗಾಡಿ ತಿರುಗಿಸುವುದನ್ನು ಕಲಿತರು. ಹಿತ್ತಲ ಕಟ್ಟೆಗೆ ಗುದ್ದಿದ್ದನ್ನು ಲೆಕ್ಕ ಹಿಡಿಯಬಾರದು.

ಮೊದಲ ಸೋಮವಾರ ನಾನು ಉದಗೀರಿನ ಟವರಿಗೆ ಹೋಗಲೇಬೇಕಿತ್ತು. ಗಾಡಿಯಲ್ಲಿದ್ದದ್ದು ಓಡುವ ಮೋಟರು. ಒಳಗೆ ತಂತಿಯ ಸುತ್ತು ಕಡಿಮೆ ಇದ್ದಷ್ಟೂ ಮೋಟರು ಜೋರಾಗಿ ತಿರುಗುತ್ತದೆ, ಭಾರ ಬಿದ್ದರೆ ಅಷ್ಟೇ ಬೇಗ ಕಾಯುತ್ತದೆ. ಜೋಳಿಗೆ ಅರ್ಧ ತುಂಬಿದ ಮೇಲೆ ಸಾಕು ಅನ್ನಿ ಎಂದು ಅಯ್ಯನವರಿಗೆ ಹೇಳಿಯೇ ಹೋಗಿದ್ದೆ.

ಓಣಿಯವರಿಗೆ ಗಾಡಿ ನೋಡಿ ಎಲ್ಲಿಲ್ಲದ ಹುರುಪು. ಬೊಗಸೆ ಹಾಕುವವರು ಮೊರದಿಂದ ಸುರಿದರು. "ಸ್ವಾಮೀ, ಅಜೂನ್ ಟಾಕೂ ಕಾ?" ಇನ್ನೂ ಹಾಕಲೇನು ಎಂದು ಮರಾಠಿ ಮನೆಗಳವರೂ ಹೊರಗೆ ಬಂದರಂತೆ. ಅಯ್ಯನವರು ಬೇಡ ಎನ್ನಲಿಲ್ಲ. ಮಠದ ಕಡೆಯ ಏರಿನಲ್ಲಿ ಗಾಡಿ ಒಮ್ಮೆ ಗುರ್ರೆಂದು, ಹೊಗೆ ಬಿಟ್ಟು, ನಿಂತುಬಿಟ್ಟಿತು. ನನಗೆ ಫೋನು ಬಂದಾಗ ಮಧ್ಯಾಹ್ನವಾಗಿತ್ತು.

"ಮೋಟರ್ ಸತ್ತದ. ನಾ ಸತ್ತಿಲ್ಲ. ಸಾವಕಾಶ ಬಾ."

ಸಾವಕಾಶ ಬಾ ಎಂದವರು ಗೋಡೆಗೆ ಬೆನ್ನು ಕೊಟ್ಟು, ಕೋಲು ಬಿಸಾಕಿ, ಆ ಭಾರದ ಜೋಳಿಗೆಯನ್ನು ಎಡಗೈಯಲ್ಲಿ ಅಪ್ಪಿಕೊಂಡು ನಿಂತಿದ್ದರು. ಸುಟ್ಟ ವಾಸನೆ ಬರುತ್ತಿದ್ದ ಗಾಡಿಯ ಮೇಲೆ ಅದನ್ನು ಇಡಲು ಅವರಿಗೆ ಮನಸ್ಸಾಗಿರಲಿಲ್ಲ, ನೆಲಕ್ಕೆ ಇಡುವಂತಿರಲಿಲ್ಲ. ನಾನು ಉದಗೀರಿನಿಂದ ಬೈಕಿನಲ್ಲಿ ಬಂದು ಮುಟ್ಟುವವರೆಗೂ ಹಾಗೇ ನಿಂತಿದ್ದಾರೆ. ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು. ನನಗೆ ಸಿಟ್ಟು ಬಂತು. ಎದುರಿಗೇ ಮನೆಗಳಿವೆಯಲ್ಲ, ಯಾರನ್ನಾದರೂ ಕರೆದು ಹಿಡಿಯಿರಿ ಅನ್ನಬಾರದೇ ಎಂದೆ.

"ಕೊಟ್ಟವರ ಕೈಯಾಗೇ ತಿರುಗಿ ಕೊಡಲೇನು? ತನ್ನ ಭಿಕ್ಷಾ ಹೊಳ್ಳಿ ಬಂತಂತ ಕೊಟ್ಟ ತಾಯಿ ವರ್ಷಾನಗಟ್ಲೆ ಕೊರಗ್ತಾಳ."

ಅರ್ಧಕ್ಕೆ ಸಾಕು ಎನ್ನಬೇಕಿತ್ತು ಎಂದೆ. "ಸಾಕು ಅನ್ನೋ ಮಾತು ಜೋಳಿಗಿಗಿಲ್ಲ" ಎಂದರು. ಆಮೇಲೆ ಸತ್ತ ಮೋಟರಿನ ಕಡೆ ಕಣ್ಣು ಹೊರಳಿಸಿ ಕೇಳಿದರು: "ಇದಕ್ಕ ಓಡೋ ಮೋಟರ್ ಯಾಕ ಹಾಕೀದಿ? ನಾವು ಎಲ್ಲಿಗಿ ಓಡಬೇಕಾಗ್ಯಾದ?"

ನಾನು ಅದನ್ನು ಯಾವತ್ತೂ ಯೋಚಿಸಿರಲಿಲ್ಲ. ಆಮೇಲೆ ಬಹಳ ಸುತ್ತಿನ ಮೋಟರು ತರಿಸಿದೆ. ಮೆಲ್ಲಗೆ ತಿರುಗುವಂಥದ್ದು, ಎಳೆಯುವಂಥದ್ದು. ಇನ್ನು ಗೇರು. ಮೋಟರಿನ ಮೂತಿಗೆ ಕೂಡಿಸುವ ಸಣ್ಣ ಹಲ್ಲುಗಾಲಿಗೆ ಪಿನಿಯನ್ ಎನ್ನುತ್ತೇವೆ. ಅದು ಸಣ್ಣದಾದಷ್ಟೂ ವೇಗ ಇಳಿದು ಬಲ ಏರುತ್ತದೆ. ಹಿತ್ತಲಲ್ಲಿ ಅಯ್ಯನವರು ಕೋಲು ಹಿಡಿದು ಈ ಗೋಡೆಯಿಂದ ಆ ಗೋಡೆಗೆ ನಡೆಯುವುದು, ಗಾಡಿ ಮುಂದೆ ಹೋಯಿತೆಂದರೆ ನಾನು ಬಿಚ್ಚಿ ಬೇರೆ ಪಿನಿಯನ್ ಹಾಕುವುದು. ಎರಡು ಗೇರಿನ ನಡುವೆ ಕಾಗದದ ಚೂರು ಸಿಗಿಸಿ, ಬಿಗಿ ಮಾಡಿ, ಕಾಗದ ಎಳೆದರೆ ಅಂತರ ಸರಿ ಕೂಡುತ್ತದೆ. ಕಾಗದಕ್ಕೆ ಅವರು ಹೋದ ವರ್ಷದ ಪಂಚಾಂಗ ಹರಿದು ಕೊಟ್ಟರು. "ಹೋದ ವರ್ಷದ ಅಮಾಸಿ ಈಗ ಯಾರಿಗಿ ಬೇಕು?" ಮೋಟರು ಕಾದಿದೆಯೋ ಇಲ್ಲವೋ ನೋಡಲು ಅವರದೇ ಒಂದು ಪದ್ಧತಿ ಇತ್ತು. ಅದರ ಮೈಮೇಲೆ ಬೆರಳಿಟ್ಟು "ಓಂ ನಮಃ ಶಿವಾಯ" ಎನ್ನುವುದು. ಮಂತ್ರ ಮುಗಿಯುವ ಮೊದಲೇ ಬೆರಳು ಎಳೆದುಕೊಂಡರೆ ಗೇರು ತಪ್ಪಿದೆ ಎಂದರ್ಥ.

ಕಡೆಗೆ ಗಾಡಿ ಅವರ ಹೆಜ್ಜೆಗೆ ಸರಿಯಾಗಿ ಕೂತಿತು. ಹಿಂದೆಯೂ ಬೀಳದು, ಮುಂದೆಯೂ ಓಡದು. ರಸ್ತೆಯಲ್ಲಿ ಕೆಟ್ಟರೆ ಯಾರಿರುತ್ತಾರೆಂದು ನಾನು ಸೋಮವಾರದ ಬೆಳಗು ಬಿಡುವು ಮಾಡಿಕೊಂಡು ಜೊತೆಗೆ ಹೊರಟೆ. ಅವರು ಹೊಸ್ತಿಲ ಹೊರಗೆ ನಿಂತು ಕೂಗು ಹಾಕುತ್ತಿದ್ದರು, ಕದ ತೆರೆಯುತ್ತಿತ್ತು, ಕಾಳು ಬೀಳುತ್ತಿತ್ತು, ಮಗಳ ಬಾಣಂತನ, ಸೊಸೆಯ ಸಿಟ್ಟು, ಎಮ್ಮೆಯ ಕಾಲು ಎಲ್ಲ ಮಾತಾಗುತ್ತಿತ್ತು. ನಾನು ಸ್ಕ್ರೂಡ್ರೈವರ್ ಹಿಡಿದು ಹಿಂದೆ ನಿಂತಿರುತ್ತಿದ್ದೆ. ಕ್ರಮೇಣ ಮಂದಿ ನನ್ನ ಕಡೆಗೂ ನೋಡಿ ತಲೆ ಆಡಿಸತೊಡಗಿದರು. ವಾರದಲ್ಲಿ ನಾನು ಮನುಷ್ಯರ ನಡುವೆ ಇರುತ್ತಿದ್ದುದು ಆ ಒಂದು ಬೆಳಗು.

ವರ್ಷ ಕಳೆದ ಮೇಲೆ ಒಂದು ದಿನ ಅಯ್ಯನವರು, "ಇದು ಮತ್ತ ಮುಂದ ಹೊಂಟದ ನೋಡು" ಎಂದರು. ಗಾಡಿ ಎಂದಿನ ವೇಗದಲ್ಲೇ ಇತ್ತು. ನಾನು, "ಬ್ಯಾಟರಿ ಹೊಸಾದು ಅದರೀ, ಅದಕ್ಕ" ಎಂದು ಹೇಳಿ ಸಂಜೆ ಒಂದು ಹಲ್ಲು ಕಡಿಮೆಯ ಪಿನಿಯನ್ ಹಾಕಿದೆ. ಮಳೆಗಾಲ ಮುಗಿಯುವಾಗ ಮತ್ತೆ ಅದೇ ಮಾತು, ಮತ್ತೆ ಅದೇ ಸುಳ್ಳು, ಮತ್ತೊಂದು ಹಲ್ಲು ಇಳಿಯಿತು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಗಾಡಿಯನ್ನೇ ಬೈಯುತ್ತಿದ್ದೆವು. ಮುದುಕರಾಗುವುದನ್ನು ಕೂದಲಲ್ಲಿ, ಹಲ್ಲಿನಲ್ಲಿ ನೋಡುತ್ತಾರೆ. ನಾನು ಪಿನಿಯನ್ನಿನಲ್ಲಿ ನೋಡಿದೆ, ನೋಡಿ ಹೆದರಿದೆ.

ಕೊನೆಗೆ ಆ ಮೋಟರಿಗೆ ಸಿಗುವ ಎಲ್ಲಕ್ಕಿಂತ ಸಣ್ಣದನ್ನು ಹಾಕಿಯಾಯಿತು. ಅದಕ್ಕಿಂತ ಸಣ್ಣದು ಮಾಡುವುದಿಲ್ಲ ಎಂದು ಪುಣೆಯ ಅಂಗಡಿಯವನು ಹೇಳಿದ. ಇನ್ನೂ ಹೆಚ್ಚು ಸುತ್ತಿನ ಮೋಟರು ತರಿಸಿದೆ. ಅದರ ಮೇಲೆ ಹೊರಟರೆ ಗಾಡಿ ಇರುವೆಯನ್ನೂ ತುಳಿಯದಷ್ಟು ಮೆಲ್ಲಗೆ. ಆ ಚಳಿಗಾಲದ ಒಂದು ಸೋಮವಾರ ಅಯ್ಯನವರು ಮೂರನೆಯ ಮನೆಗೇ ನಿಂತು, ಬಗ್ಗಿ ಮೋಟರಿನ ಮೇಲೆ ಬೆರಳಿಟ್ಟರು. ಮಂತ್ರ ಪೂರ್ತಿಯಾಯಿತು, ಇನ್ನೊಮ್ಮೆ ಹೇಳಿದರು.

"ತಣ್ಣಗದ" ಎಂದರು. "ಇದರದೇನೂ ತಪ್ಪಿಲ್ಲೋ ತಮ್ಮಾ."

ಅವತ್ತು ಅಲ್ಲಿಂದಲೇ ಮನೆಗೆ ಹೊರಳಿದೆವು. ಮುಂದಿನ ಸೋಮವಾರ ಬರುವುದರೊಳಗೆ ಅವರು ತೀರಿಕೊಂಡಿದ್ದರು. ಜಂಗಮರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಹಣೆಗೆ ವಿಭೂತಿ ಹಚ್ಚಿದವರು ಬೇರೆ ಯಾರೋ. ಗೆರೆಗಳು ಬಹಳ ನೆಟ್ಟಗಿದ್ದವು, ನನಗೆ ಅವರ ಗುರುತೇ ಹತ್ತಲಿಲ್ಲ. ಉದಗೀರಿನಿಂದ ಬಂದ ನೆಂಟರು ಮನೆ ಖಾಲಿ ಮಾಡಿದರು. ಗಾಡಿ ಆ ನೆಂಟರ ಮೊಮ್ಮಕ್ಕಳಿಗೆ ಹೋಯಿತು. ನನಗೆ ಕೊಡಿ ಎಂದು ಕೇಳುವ ಮನಸ್ಸು ನನಗಾಗಲಿಲ್ಲ.

ಆಮೇಲಿನ ಒಂದು ಸೋಮವಾರ ಕೆಲಸವಿರಲಿಲ್ಲ. ಕಾಲು ತಾವಾಗಿಯೇ ಆ ಓಣಿಗೆ ಹೋದವು. ನಾನು ಜಂಗಮನಲ್ಲ, ಭಿಕ್ಷೆ ಬೇಡುವ ಹಕ್ಕು ನನಗಿಲ್ಲ. ಅಲ್ಲಿ ನಿಲ್ಲಲು ಕಾರಣವೇ ಇರಲಿಲ್ಲ. ಮೂಲೆಮನೆಯ ಕದ ತೆರೆಯಿತು. ಆ ಮನೆಯಾಕೆ ರೂಢಿಯಂತೆ ಮೊರದಲ್ಲಿ ಜೋಳ ಹಿಡಿದು ಬಂದು, ನನ್ನೊಬ್ಬನನ್ನೇ ಕಂಡು ಅಲ್ಲೇ ನಿಂತಳು. ಆಮೇಲೆ ಮೊರವನ್ನು ಬಾಗಿಲ ಹಿಂದೆ ಇಟ್ಟು ಕೇಳಿದಳು:

"ನಿಮ್ದು ಊಟ ಆಗ್ಯಾದೇನ್ರೀ? ಒಳಗ ಬರ್ರಿ."

ಅವ್ವ ಹೋದ ಮೇಲೆ ಈ ಮಾತನ್ನು ನನಗೆ ಯಾರೂ ಕೇಳಿರಲಿಲ್ಲ. "ಆಗ್ಯಾದ್ರೀ" ಎಂದು ಹೇಳಿ ಬಂದುಬಿಟ್ಟೆ. ಆಗಿರಲಿಲ್ಲ. ಒಂದು ಓಣಿಯ ಕದಗಳನ್ನೆಲ್ಲ ಅಯ್ಯನವರು ನನಗೆ ತೆರೆಸಿಕೊಟ್ಟು ಹೋಗಿದ್ದರು. ಆದರೆ ಅವರೂ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದವರು; ಒಳಗೆ ಹೋಗುವುದು ಹೇಗೆಂದು ನಾನು ಯಾರಿಂದಲೂ ಕಲಿತಿರಲಿಲ್ಲ.